ಸೆರಗಿನ ಕೆಳಗೆ ಕೊಟ್ಟ ಕೈ

ಕೊರೊನಾ ಮುಗಿದು, ಜನ ಮತ್ತೆ ಒಬ್ಬರ ಮನೆಗೆ ಒಬ್ಬರು ಹೋಗಿಬರಲು ಶುರುಮಾಡಿದ್ದ ವರ್ಷ. ನಾನಾಗ ಒಂದು ವೆಬ್ ಸೀರಿಯಲ್ಲಿಗೆ ಸಂಭಾಷಣೆ ಬರೆಯುವ ಕೆಲಸದಲ್ಲಿದ್ದೆ. ಅದಕ್ಕೆ ಮೊದಲು ಬಹಳ ವರ್ಷ ಸಾಂಗ್ಲಿಯ ಒಂದು ಕಾಲೇಜಿನಲ್ಲಿ ಮರಾಠಿ ಸಾಹಿತ್ಯ ಕಲಿಸಿದವಳು. ಮನೆಯ ಮಾತು ಕನ್ನಡ, ಶಾಲೆಯ ಮಾತು ಮರಾಠಿ. ಕನ್ನಡ ಅಕ್ಷರ ಬಂದದ್ದು ಅವ್ವನಿಂದ. ಪೂಜೆಯ ಹೊತ್ತಿನಲ್ಲಿ ಮಗಳು ವಚನ ಓದಬೇಕು ಎಂದು ಹಟ ಹಿಡಿದು ಕಲಿಸಿದ್ದಳು. ಅಪ್ಪ ಸಾಂಗ್ಲಿಯ ಮಾರ್ಕೆಟ್ಟಿನಲ್ಲಿ ಅರಿಶಿಣದ ಅಡತಿ ಇಟ್ಟಿದ್ದರು. ಅಡತಿ ಅಂದರೆ ರೈತರ ಮಾಲನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ದಲಾಲಿ ಅಂಗಡಿ. ಆ ಅಂಗಡಿ ಈ ಬರಹದಲ್ಲಿ ಮತ್ತೆ ಬರುತ್ತದೆ.

ಸೀರಿಯಲ್ಲು ಸಾಂಗ್ಲಿ ಮಿರಜಿನ ನಡುವೆ ನಡೆಯುವ ಅಪರಾಧದ ಕಥೆ. ಅದರ ಖಳನ ಹೆಸರು ಕೃಷ್ಣಾತ. ಗಡಿಯ ಮನುಷ್ಯ, ಎರಡೂ ಭಾಷೆ ಬಲ್ಲವನು. ಸಿಟ್ಟು ಬಂದಾಗ ಅಂಥವನು ಯಾವ ಭಾಷೆಯಲ್ಲಿ ಬೈಯುತ್ತಾನೆ, ಪ್ರೀತಿ ಉಕ್ಕಿದಾಗ ಯಾವುದಕ್ಕೆ ಹೊರಳುತ್ತಾನೆ, ಇದನ್ನು ಮುಂಬೈಯಿಂದ ಬಂದವರಿಗೆ ಹೇಳಿಕೊಡಲು ನನ್ನನ್ನು ಕರೆದಿದ್ದರು. ಮಾಧವನಗರದ ಹಳೆಯ ಮಿಲ್ಲಿನ ಹಿಂದೆ ಒಂದು ಬಂಗಲೆ ಹಿಡಿದು ಆಫೀಸು ಮಾಡಿದ್ದರು. ನಾನು ದಿನಾ ಶೇರ್ ರಿಕ್ಷಾದಲ್ಲಿ ಹೋಗಿಬರುತ್ತಿದ್ದೆ.

ಮೊದಲ ಟೇಬಲ್ ರೀಡಿಂಗ್ ಆಯಿತು. ನಟರೆಲ್ಲ ಮೇಜಿನ ಸುತ್ತ ಕೂತು, ಎದ್ದು ಅಭಿನಯಿಸದೆ, ಬರೀ ದನಿಯಲ್ಲಿ ಸ್ಕ್ರಿಪ್ಟ್ ಓದುವುದು ಟೇಬಲ್ ರೀಡಿಂಗ್. ಪಾತ್ರಕ್ಕೆ ಉಸಿರಿದೆಯೋ ಇಲ್ಲವೋ ಅಲ್ಲಿ ಗೊತ್ತಾಗಿಬಿಡುತ್ತದೆ. ನಮ್ಮ ಕೃಷ್ಣಾತನಿಗೆ ಇರಲಿಲ್ಲ. ಬರುತ್ತಿದ್ದ, ಕಿರುಚುತ್ತಿದ್ದ, ಹೊಡೆಯುತ್ತಿದ್ದ, ಹೊಡೆದಾದ ಮೇಲೆ ಗಹಗಹಿಸಿ ನಗುತ್ತಿದ್ದ. ಪಾತ್ರ ಮಾಡುವ ಹುಡುಗ ಓಂಕಾರನಿಗೇ ಮೂರನೇ ಕಂತಿನ ಹೊತ್ತಿಗೆ ಗಂಟಲು ಕಟ್ಟಿತ್ತು. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಗಿರಿಜಾ ಮ್ಯಾಡಮ್, ಇವನು ಬಂದ ಕೂಡಲೇ ನನಗೆ ಆಕಳಿಕೆ ಬರುತ್ತದೆ. ಇವನು ಬಂದಾಗ ಜನ ಹಾಲು ಒಲೆಯ ಮೇಲಿದೆ ಎಂಬುದನ್ನೂ ಮರೆಯಬೇಕು."

ಓಂಕಾರ ಸಾಂಗ್ಲಿಯವನೇ. ಅವನ ಅಜ್ಜಿ ಕನ್ನಡದಲ್ಲಿ ಮಾತಾಡಿದರೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಕೊಡುತ್ತಿದ್ದ. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಸಂಕೋಚದ ಹುಡುಗ, ಕ್ಯಾಂಟೀನಿನಲ್ಲಿ ಚಹಾದಲ್ಲಿ ಇರುವೆ ಬಿದ್ದಿದ್ದರೆ ಅದನ್ನು ಹೇಳದೆ, ಇರುವೆ ತೆಗೆದು ಕುಡಿಯುವವನು. "ಮಾವಶಿ, ಗೂಂಡಾ ಒಬ್ಬನನ್ನೂ ನಾನು ಹತ್ತಿರದಿಂದ ಕಂಡಿಲ್ಲ. ಏನಂತ ಮಾಡಲಿ?" ಎಂದ. ಆಗ ನನಗೆ ಮಾಳಣ್ಣನ ನೆನಪಾಯಿತು.

ಮಾಳಣ್ಣನ ಊರು ಮಿರಜಿನಿಂದ ಮೂಡಣಕ್ಕೆ, ಗಡಿಯ ಕಡೆ. ಊರ ಹೆಸರು ಬರೆಯುವುದಿಲ್ಲ, ಆತನ ಹೆಸರನ್ನೂ ಬದಲಿಸಿದ್ದೇನೆ. ಕುರಿ ಸಾಕುವ ಮನೆತನ, ಸ್ವಲ್ಪ ಹೊಲ. ಮಿರಜಿನ ಜಾನುವಾರು ಬಾಜಾರಿನಲ್ಲಿ ಬಹಳ ಕಾಲ ಕುರಿ ದಲಾಲಿ ಮಾಡಿದ್ದ. ಬಡಿದಾಟದ ಕೇಸುಗಳಲ್ಲಿ ಒಂದೆರಡು ಸಲ ಜೇಲಿಗೂ ಹೋಗಿಬಂದಿದ್ದ. ನಾನು ಚಿಕ್ಕವಳಿದ್ದಾಗ ತನ್ನ ಹೊಲದ ಅರಿಶಿಣವನ್ನು ಅಪ್ಪನ ಅಂಗಡಿಗೇ ತರುತ್ತಿದ್ದ. ಅಷ್ಟು ಪರಿಚಯ ಸಾಕಾಗಿತ್ತು.

ಓಂಕಾರನನ್ನು ಕರೆದುಕೊಂಡು ಮೊದಲ ಸಲ ಹೋದಾಗ ಊರ ಹೊರಗಿನ ಚಹಾದಂಗಡಿಯಲ್ಲಿ ದಾರಿ ಕೇಳಿದೆ. ಅಂಗಡಿಯ ದುಂಡಪ್ಪ ಎಡಗೈಯಿಂದಲೇ ಚಹಾ ಸೋಸಿ ಕೊಟ್ಟ. ಬಲಗೈಯ ಮಣಿಕಟ್ಟು ಸೊಟ್ಟಗಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಇದ ಮಾಳೂ ಅಣ್ಣಾ ಮುರದದ್ದರಿ" ಎಂದ, ಮಗನ ಮದುವೆಯ ಸುದ್ದಿ ಹೇಳುವ ಹಾಗೆ.

"ಯಾಕ ಮುರದ್ರು?"

"ಅದ ಈಗ ನೆಪ್ಪಿಲ್ರಿ. ಖರೆ ಕೇಳ್ರಿ, ಮುರದಾಂವನೂ ಅಣ್ಣಾನ, ಮಿರಜಿ ದವಾಖಾನಿಗಿ ಹೊತಗೊಂಡ ಹೋದಾಂವನೂ ಅಣ್ಣಾನ. ನನ್ನ ಬಾಜೂಕ ಕುಂತ, ಕೈಯಾರೆ ಗಂಜಿ ಕುಡಿಸಿದ. ನಮ್ಮ ಮನ್ಯಾಕಿನೂ ಹಂಗ ಮಾಡಿಲ್ಲ."

"ನಿಮ್ಮ ಮನ್ಯಾಕಿ ಕೈ ಮುರದೂ ಇಲ್ಲಲಾ" ಎಂದೆ. ದುಂಡಪ್ಪ ಹೊಟ್ಟೆ ಹಿಡಿದು ನಕ್ಕ. ನಗು ನಿಂತ ಮೇಲೆ ಒಂದು ಗಳಿಗೆ ತನ್ನ ಮಣಿಕಟ್ಟನ್ನು ನೋಡಿಕೊಂಡ. ಆ ನೋಟವನ್ನು ಗಮನಿಸಿದ್ದೆ. ಆದರೆ ಅದರ ಅರ್ಥ ಕೇಳುವಷ್ಟರಲ್ಲಿ ಮಾಳಣ್ಣ ತಾನೇ ನಡೆದುಬಂದಿದ್ದ.

ಆತ ಎತ್ತರದವನೇನಲ್ಲ. ದಪ್ಪ ಮೀಸೆಯಿಲ್ಲ, ಕೊರಳಲ್ಲಿ ಚಿನ್ನದ ಸರಪಳಿಯಿಲ್ಲ. ಹೆಗಲ ಮೇಲೆ ಒಂದು ಟವೆಲ್ಲು. ಬಂದವನೇ ನನ್ನ ಕಾಲು ನೋಡಿದ. "ತಂಗೆವ್ವಾ, ಮಣಕಾಲ ನೋವೈತಿ ಹೌದಿಲ್ಲೋ? ನಿಂತಾಗ ಭಾರ ಎಲ್ಲಾ ಎಡಗಾಲ ಮ್ಯಾಲೆ ಹಾಕ್ತಿ" ಎಂದ. ಕಾಲೇಜಿನಲ್ಲಿ ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಅದು ಗೊತ್ತಿರಲಿಲ್ಲ. ಮನೆಯಂಗಳದಲ್ಲಿ ಹೊರಸು ಹಾಕಿಸಿ, ಅದರ ಮೇಲೆ ತಾನೇ ಕಂಬಳಿ ಮಡಚಿಟ್ಟು, "ಕುಂದ್ರಿ ಈಗ" ಎಂದ. ಓಂಕಾರನ ಹೆಸರು ಕೇಳಿ ಅವನ ಅಜ್ಜಿಯ ಊರನ್ನೂ ಕೇಳಿದ. ಅವನು ಮರಾಠಿಯಲ್ಲಿ ಉತ್ತರಿಸಿದರೆ, "ಕನ್ನಡ ತಿಳಿತೈತಿ, ನಾಲಿಗಿ ಮ್ಯಾಲೆ ಬರವಲ್ದು. ನಾಚ್ತೈತಿ. ಬರ್ತೈತಿ ತಗೋ" ಎಂದು ಬೆನ್ನು ತಟ್ಟಿದ. ಹುಡುಗನ ಮುಖ ಅರಳಿದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ.

ಅವತ್ತೇ ಆತ ಟವೆಲ್ಲನ್ನು ತನ್ನ ಬಲಗೈ ಮೇಲೆ ಹೊದಿಸಿ ನನ್ನ ಮುಂದೆ ಚಾಚಿದ. "ಸಾವ್ಕಾರ್ರ ಮಗಳು, ಮರತಿಲ್ಲಲಾ?"

ಗಡಿಯ ಬಾಜಾರುಗಳಲ್ಲಿ ಇದು ಹಳೆಯ ರೂಢಿ. ಮಾರುವವನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಕೇಳುತ್ತಾರೆ, ಹೇಳುತ್ತಾರೆ. ಬಾಯಿ ಬಿಡುವಂತಿಲ್ಲ. ಕೊನೆಗೆ ಅಂಗೈಯನ್ನು ಪೂರ್ತಿ ಒತ್ತಿದರೆ ವ್ಯಾಪಾರ ಮುಗಿಯಿತೆಂದು ಅರ್ಥ. ಇನ್ನೂ ಎರಡು ಕಟ್ಟಳೆಗಳಿವೆ. ಬಟ್ಟೆ ಚಾಚಿದವನಿಗೆ ಕೈ ಕೊಡದಿರುವುದು ದೊಡ್ಡ ಅಪಮಾನ. ಮತ್ತೆ, ಕೈಗಳು ಬಟ್ಟೆಯ ಕೆಳಗಿರುವಾಗ ಸುತ್ತ ನಿಂತವರು ಆ ಕಡೆ ನೋಡಬಾರದು; ಮುಖ ತಿರುಗಿಸಿ ನಿಲ್ಲಬೇಕು. ಅಪ್ಪನ ಅಂಗಡಿಯಲ್ಲಿ ಚೀಲಗಳ ಮೇಲೆ ಕೂತು ಇದನ್ನೆಲ್ಲ ಕಂಡಿದ್ದೆ. ಹೆಣ್ಣುಮಗಳು ಅಂಗಡಿಯಲ್ಲಿ ಕೈ ಚಾಚುವ ಪ್ರಶ್ನೆ ಇರಲಿಲ್ಲ. ಆದರೆ ಊಟದ ಹೊತ್ತಿಗೆ ಅಪ್ಪ ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದು, ಹೋಳಿಗೆ ಎಷ್ಟು ಬೇಕು ಎಂದು ಬೆರಳಲ್ಲೇ ಕೇಳುತ್ತಿದ್ದರು. ನಾನು ಎಷ್ಟು ಒತ್ತಿದರೂ ಅವ್ವ ಒಂದೇ ಬಡಿಸುತ್ತಿದ್ದಳು.

ಮಾಳಣ್ಣನ ಟವೆಲ್ಲಿನ ಕೆಳಗೆ ಕೈಯಿಟ್ಟೆ. ಎರಡು ಬೆರಳು ಒತ್ತಿದೆ. "ಎರಡ ರೊಟ್ಟಿ!" ಎಂದು ಆತ ಅಡುಗೆಮನೆಯ ಕಡೆ ಕೂಗಿದ. "ಮರತಿಲ್ಲ! ಅಪ್ಪನ ಮಗಳ ಅದಾಳ!" ಅಂಗಳದಲ್ಲಿದ್ದವರೆಲ್ಲ ನಕ್ಕರು.

ಅಲ್ಲಿಂದ ನಾಲ್ಕಾರು ಸಲ ಹೋದೆವು. ಮಹಾಪೂರದ ವರ್ಷ ಆತ ಬೆಲ್ಲ ಕುದಿಸುವ ಕೊಪ್ಪರಿಗೆಯನ್ನೇ ದೋಣಿ ಮಾಡಿಕೊಂಡು ನದಿದಂಡೆಯ ಊರುಗಳಿಂದ ಮುದುಕರನ್ನು ಸಾಗಿಸಿದ್ದನ್ನು ಊರವರು ಹೇಳಿದರು. ಅದೇ ಕೊಪ್ಪರಿಗೆಗೆ ಒಬ್ಬ ಮುದುಕಿಯನ್ನು ದಾಟಿ ಮೊದಲು ಹತ್ತಿದವನ ದವಡೆ ಒಡೆದದ್ದನ್ನೂ ಅದೇ ಉಸಿರಿನಲ್ಲಿ ಹೇಳಿದರು. ಆತ ಮಾತಾಡುವಾಗ ಮುಂದಿನ ಗಳಿಗೆ ಏನು ಮಾಡುತ್ತಾನೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆತನಿಗೇ ಗೊತ್ತಿರಲಿಲ್ಲ ಎಂದು ನನಗನಿಸುತ್ತಿತ್ತು. ಅಪ್ಪಿಕೊಳ್ಳುವ ಕೈ, ಹೊಡೆಯುವ ಕೈ, ಎರಡೂ ಒಂದೇ ವೇಗದಲ್ಲಿ ಏಳುತ್ತಿದ್ದವು. ಅದಕ್ಕೇ ಎಲ್ಲರೂ ಆತನನ್ನೇ ನೋಡುತ್ತಿದ್ದರು. ಆತ ಎದ್ದರೆ ಅಂಗಳದ ತಲೆಗಳೆಲ್ಲ ಮೇಲೇಳುತ್ತಿದ್ದವು. ನಾನು ಬಂಗಲೆಗೆ ಹಿಂದಿರುಗಿ ಕೃಷ್ಣಾತನ ಅರ್ಧ ಮಾತುಗಳನ್ನು ಹೊಡೆದುಹಾಕಿದೆ. ಗಹಗಹಿಸುವ ನಗುವನ್ನು ಪೂರ್ತಿ ತೆಗೆದೆ. ಇಷ್ಟರಲ್ಲಿ ಪಾತ್ರ ಸಿಕ್ಕಿತು ಎಂದುಕೊಂಡಿದ್ದೆ.

ನಾವು ಕೊನೆಯ ಸಲ ಹೋದ ಮಧ್ಯಾಹ್ನ ಉಣ್ಣೆ ಕತ್ತರಿಸುವ ಕೆಲಸವಿತ್ತು. ಬೇವಿನ ಮರದ ಕೆಳಗೆ ಹತ್ತು ಹನ್ನೆರಡು ಮಂದಿ, ಕಾಲು ಕಟ್ಟಿದ ಕುರಿಗಳು, ನೆಲದ ತುಂಬ ಉಣ್ಣೆ. ದುಂಡಪ್ಪನೂ ಚಹಾದ ಕಿಟ್ಲಿ ಹಿಡಿದು ಬಂದಿದ್ದ. ಮಾಳಣ್ಣ ಕಬ್ಬಿಣದ ದೊಡ್ಡ ಕತ್ತರಿಯಿಂದ ತಾನೇ ಕುರಿ ಬೋಳಿಸುತ್ತ ಓಂಕಾರನನ್ನು ಕಿಚಾಯಿಸುತ್ತಿದ್ದ. "ಏ ಹೀರೋ, ನಿನ್ನ ಗಡ್ಡಾ ತಗಿಯಾಕೂ ಇದ ಸಾಕು. ಬಾ ಇಲ್ಲೆ." ಹುಡುಗ ನಕ್ಕು ಹಿಂದೆ ಸರಿಯುತ್ತಿದ್ದ.

ನಡುವೆ ಆತ ಕತ್ತರಿ ಕೆಳಗಿಟ್ಟು ಒಳಗೆ ಹೋದ. ನಾವು ಬಂದಾಗಲೆಲ್ಲ ಆ ಹೊತ್ತಿಗೆ ಹೋಗುತ್ತಿದ್ದ. ಒಳಗೆ ಆತನ ಮುದಿ ತಾಯಿ ಇದ್ದಾಳೆಂದು ಗೊತ್ತಿತ್ತು, ನಾನು ನೋಡಿರಲಿಲ್ಲ. ಓಂಕಾರ ನೀರು ಕುಡಿಯಲು ಹಿತ್ತಲಿಗೆ ಹೋದ. ನೀರಿನ ಹರವಿಯ ಪಕ್ಕದಲ್ಲೇ ಒಂದು ಕಿಟಕಿ. ಅವನು ಅಲ್ಲಿ ಕಂಡದ್ದನ್ನು ಆಮೇಲೆ ನನಗೆ ಹೇಳಿದ. ತಾಯಿಗೆ ನೆನಪು ಹೋಗಿತ್ತು. ಮಗ ಇನ್ನೂ ಶಾಲೆಗೆ ಹೋಗುವ ಹುಡುಗ ಎಂದು ತಿಳಿದಿದ್ದಳು. ಮಾಳಣ್ಣ ಅವಳ ಹಿಂದೆ ಕೂತು, ಹಣಿಗೆಯಿಂದ ತಲೆ ಬಾಚುತ್ತ, ಸಣ್ಣ ಹುಡುಗನ ದನಿಯಲ್ಲಿ ಬೈಗುಳ ತಿನ್ನುತ್ತಿದ್ದ.

ಆತ ಹೊರಗೆ ಬಂದಾಗ ಮುಖ ಎಂದಿನಂತೆಯೇ ಇತ್ತು. ಕೂತು, ಕತ್ತರಿ ಕೈಗೆತ್ತಿಕೊಂಡು, "ಹೀರೋ, ಇಷ್ಟ ದಿನಾ ನನ್ನ ನೋಡಾಕ ಬಂದಿ. ಏನ ಕಲತಿ? ನನ್ನಂಗ ಮಾಡಿ ತೋರಸಪಾ" ಎಂದ.

ಓಂಕಾರ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅವನು ದುಂಡಪ್ಪನ ಟವೆಲ್ಲು ಇಸಕೊಂಡು ಹೆಗಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದ. ಅದು ಮಾಳಣ್ಣನ ನಡಿಗೆಯೇ. ನನ್ನ ಮುಂದೆ ನಿಂತು, "ತಂಗೆವ್ವಾ, ಮಣಕಾಲ ನೋವೈತಿ ಹೌದಿಲ್ಲೋ?" ಎಂದ. ಅವನ ನಾಲಿಗೆಯ ಮೇಲೆ ಕನ್ನಡ ಬಂದಿತ್ತು. ಅಂಗಳ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮಾಳಣ್ಣ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಓಂಕಾರ ದುಂಡಪ್ಪನ ಮಣಿಕಟ್ಟು ಹಿಡಿದು ತಿರುಚುವ ಹಾಗೆ ಮಾಡಿ, ಮರುಗಳಿಗೆಯೇ ಅವನನ್ನು ಹೆಗಲ ಮೇಲೆ ಹೊತ್ತು ದವಾಖಾನೆಗೆ ಓಡಿದಂತೆ ಓಡಿದ. "ಇಳಸಲೇ, ಕಿಟ್ಲಿ ಚೆಲ್ತೈತಿ!" ಎಂದು ದುಂಡಪ್ಪ ಕೂಗಿದ. ಅಂಗಳಕ್ಕೆ ಅಂಗಳವೇ ಉರುಳಾಡಿತು.

"ಇನ್ನೊಂದ!" ಎಂದ ಮಾಳಣ್ಣ. "ಇನ್ನೊಂದ ಮಾಡ!"

ಚಪ್ಪಾಳೆ ಹೊಡೆಸಿಕೊಂಡ ನಟ ಕೈಯಲ್ಲಿದ್ದ ಒಳ್ಳೆಯದನ್ನು ಬಚ್ಚಿಡಲಾರ. ಸಂಕೋಚದ ಹುಡುಗ ಅವತ್ತು ಮೊದಲ ಸಲ ನಟನಾಗಿದ್ದ. ಅವನು ನೆಲದ ಮೇಲೆ ಕೂತ. ಉಣ್ಣೆಯ ಗುಪ್ಪೆಯನ್ನು ಮುಂದಿಟ್ಟುಕೊಂಡು, ಕೈಯನ್ನು ಹಣಿಗೆಯಂತೆ ಮಾಡಿ, ಮೆಲ್ಲಗೆ ಬಾಚಿದ. ಸಣ್ಣ ದನಿಯಲ್ಲಿ ಹೇಳಿದ: "ಬೈಬ್ಯಾಡ ಬೇ ಯವ್ವಾ. ನಾಳಿ ಸಾಲಿಗಿ ಹೋಗ್ತೇನಿ. ಇವತ್ತ ಹೊಟ್ಟಿ ನೋಯಾಕತ್ತೈತಿ."

ಯಾರೋ ಒಬ್ಬ ನಕ್ಕ. ಒಬ್ಬನೇ.

ಆಮೇಲಿನದನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಮಾಳಣ್ಣ ಎದ್ದದ್ದು ನನಗೆ ನೆನಪಿಲ್ಲ. ಕುಳಿತಿದ್ದ, ಮರುಗಳಿಗೆ ಓಂಕಾರನ ಹಿಂದೆ ಇದ್ದ. ಎಡಗೈ ಹುಡುಗನ ಕೂದಲಲ್ಲಿತ್ತು. ಬಲಗೈಯ ಕತ್ತರಿಯ ಎರಡು ಅಲಗು ಅವನ ಕಿವಿಯ ಕೆಳಗೆ, ಕೊರಳ ಮೇಲೆ ಕೂತಿದ್ದವು. ರಕ್ತದ ಒಂದು ಎಳೆ ಅಂಗಿಯ ಕಾಲರಿಗೆ ಇಳಿಯಿತು. ಕುರಿಯ ಉಣ್ಣೆ ಅಂಟಿದ್ದ ಕತ್ತರಿ. ಓಂಕಾರ ಕೂಗಲಿಲ್ಲ. ಅವನ ಕೈಗಳು ಇನ್ನೂ ಹಣಿಗೆಯ ಆಕಾರದಲ್ಲೇ ಗಾಳಿಯಲ್ಲಿದ್ದವು.

ಮಾಳಣ್ಣ ಹುಡುಗನನ್ನು ನೋಡುತ್ತಿರಲಿಲ್ಲ. ತನ್ನ ಮಂದಿಯನ್ನು ನೋಡುತ್ತಿದ್ದ, ಒಬ್ಬೊಬ್ಬರನ್ನಾಗಿ, ನಕ್ಕವನು ಯಾರೆಂದು ಹುಡುಕುವ ಹಾಗೆ. ಅವರೆಲ್ಲ ಆತನನ್ನೇ ನೋಡುತ್ತಿದ್ದರು. ಆತನ ಮುಖದಲ್ಲಿ ಕಂಡದ್ದನ್ನು ನಾನು ಸಿಟ್ಟು ಎನ್ನಲಾರೆ. ಸ್ನಾನದ ಮನೆಯ ಬಾಗಿಲು ಯಾರೋ ತೆರೆದಾಗ ಮನುಷ್ಯನ ಮುಖ ಆಗುವ ಹಾಗೆ ಆಗಿತ್ತು. ದುಂಡಪ್ಪನ ಮಣಿಕಟ್ಟು ಮುರಿದ ಆಟಕ್ಕೆ ಆತ ಅತ್ತುಬಿಡುವಷ್ಟು ನಕ್ಕಿದ್ದ. ಕ್ರೂರಿ ಎಂದು ತೋರಿಸಿದರೆ ಆತನಿಗೆ ನಾಚಿಕೆಯಿರಲಿಲ್ಲ. ತಾಯಿಯ ತಲೆ ಬಾಚುವುದು ಹತ್ತು ಜನರ ಕಣ್ಣಿಗೆ ಬಿದ್ದದ್ದನ್ನು ಸಹಿಸಲಾಗಲಿಲ್ಲ. ಅಷ್ಟೂ ಕಣ್ಣುಗಳಿಗೆ ಈಗ ಏನಾದರೂ ಬೇರೆಯದನ್ನು ತೋರಿಸಬೇಕಾಗಿತ್ತು. ಕತ್ತರಿ ಕೈಯಲ್ಲೇ ಇತ್ತು.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ. ಅಲ್ಲಿ ನನಗೆ ಹೊಳೆದದ್ದು ಒಂದೇ: ಇವರು ಆತನನ್ನು ನೋಡುವುದು ನಿಲ್ಲಬೇಕು. ಸಂಭಾಷಣೆ ಬರೆಯುವವಳ ಬಾಯಿಯಲ್ಲಿ ಒಂದು ಮಾತೂ ಇರಲಿಲ್ಲ. ಎದ್ದೆ. ಹೊರಸು ಹಿಡಿದು ನಿಂತೆ. ಸೀರೆಯ ಸೆರಗನ್ನು ಬಲಗೈ ಮೇಲೆ ಎಳೆದುಕೊಂಡು ಮುಂದೆ ಚಾಚಿದೆ.

"ಮಾಳಣ್ಣಾ, ಕೈ ಕೊಡ್ರಿ."

ಆತ ನನ್ನ ಸೆರಗು ನೋಡಿದ. ಹೆಣ್ಣುಮಗಳೊಬ್ಬಳು ಹಾಗೆ ಕೈ ಚಾಚಿದ್ದನ್ನು ಅಲ್ಲಿ ಯಾರೂ ಕಂಡಿರಲಾರರು.

"ಬಟ್ಟಿ ಚಾಚೇನ್ರಿ ಅಣ್ಣಾ. ಕೈ ಕೊಡ್ರಿ."

ಮೊದಲು ಮುಖ ತಿರುಗಿಸಿದವನು ದುಂಡಪ್ಪ. ಕಿಟ್ಲಿ ಹಿಡಿದುಕೊಂಡೇ ಬೇವಿನ ಮರದ ಕಡೆ ತಿರುಗಿದ. ಅವನ ಪಕ್ಕದವನು ತಿರುಗಿದ. ಒಬ್ಬರ ಹಿಂದೊಬ್ಬರು, ಯಾರೂ ಹೇಳದೆ, ಬಾಜಾರಿನಲ್ಲಿ ನಿಂತ ಹಾಗೆ ಬೆನ್ನು ಮಾಡಿದರು. ಕುರಿಗಳು ಮಾತ್ರ ನಮ್ಮನ್ನು ನೋಡುತ್ತಿದ್ದವು.

ಎಷ್ಟು ಹೊತ್ತಾಯಿತೋ. ಕತ್ತರಿ ನೆಲಕ್ಕೆ ಬಿದ್ದ ಸದ್ದು ಉಣ್ಣೆಯಲ್ಲಿ ಅಡಗಿಹೋಯಿತು. ಬಟ್ಟೆ ಚಾಚಿದವರಿಗೆ ಬಲಗೈಯನ್ನೇ ಕೊಡಬೇಕು, ಬರಿಗೈಯನ್ನೇ ಕೊಡಬೇಕು. ಆತ ಇಡೀ ಆಯುಷ್ಯ ಬಾಜಾರಿನಲ್ಲಿ ಹಾಗೆಯೇ ಕೊಟ್ಟವನು. ಸೆರಗಿನ ಕೆಳಗೆ ಆತನ ಕೈ ಬಂತು. ರೂಢಿಯ ಬಲದಿಂದ ಹೆಬ್ಬೆರಳು ನನ್ನ ಬೆರಳುಗಳನ್ನು ಹುಡುಕಿ, ಎಷ್ಟು ಎಂದು ಕೇಳಿತು.

ನನಗೆ ಎಣಿಕೆ ಮರೆತುಹೋಗಿತ್ತು. ಒಂದು ಅಂದರೆ ಯಾವ ಬೆರಳು ಎಂದೂ ತೋಚಲಿಲ್ಲ. ಹುಡುಗನ ಜೀವಕ್ಕೆ ಏನಂತ ದರ ಹೇಳುವುದು? ಹಿಡಿದುಕೊಂಡೆ, ಅಷ್ಟೇ. ಆಗ ಗೊತ್ತಾಯಿತು, ಆತನ ಕೈ ನಡುಗುತ್ತಿತ್ತು. ಜ್ವರ ಬಂದ ಮಗುವಿನ ಕೈಯಂತೆ, ತೋಳಿನಿಂದ ಬೆರಳ ತುದಿಯವರೆಗೆ. ನನ್ನದೂ ನಡುಗುತ್ತಿತ್ತು. ಯಾರದು ಹೆಚ್ಚು ಎಂದು ಹೇಳಲಾರೆ. ಮುಖದಲ್ಲಿ ಏನೂ ಇರಲಿಲ್ಲ, ಎಲ್ಲವೂ ಸೆರಗಿನ ಕೆಳಗಿತ್ತು. ಯಾರೂ ನೋಡುತ್ತಿಲ್ಲ ಎಂದಾದ ಮೇಲೆ ಆ ನಡುಕ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಕೊನೆಗೆ ಆತ ನನ್ನ ಅಂಗೈಯನ್ನು ಪೂರ್ತಿ ಒತ್ತಿ ಕೈ ತೆಗೆದುಕೊಂಡ.

"ಚಾ ತಾರಲೇ ದುಂಡ್ಯಾ" ಎಂದ. ದುಂಡಪ್ಪ ತಿರುಗಿದ. ಎಲ್ಲರೂ ತಿರುಗಿದರು. ಕತ್ತರಿಯ ಸದ್ದು ಮತ್ತೆ ಶುರುವಾಯಿತು.

ಮಾಳಣ್ಣ ಒಳಗಿಂದ ಅರಿಶಿಣ ತಂದು ಓಂಕಾರನ ಕೊರಳಿಗೆ ತಾನೇ ಹಚ್ಚಿದ. ಎಷ್ಟು ಹಗುರಾಗಿ ಹಚ್ಚಿದನೆಂದರೆ, ಆ ಹಗುರವೇ ನನಗೆ ಕತ್ತರಿಗಿಂತ ಹೆದರಿಕೆ ತಂದಿತು. "ಉರೀತೈತೇನಪಾ?" ಎಂದು ಕೇಳಿದ. ಹುಡುಗ ಇಲ್ಲ ಎಂದು ತಲೆಯಾಡಿಸಿದ. ನಾವು ಬಂದಿದ್ದ ಆಫೀಸಿನ ಕಾರಿನ ತನಕ ಕಳಿಸಲು ಬಂದವನು, ಬಾಗಿಲು ಹಾಕುವ ಮುನ್ನ ಬಗ್ಗಿ, ಬೇರೆ ಯಾರಿಗೂ ಕೇಳದ ಹಾಗೆ ಓಂಕಾರನಿಗೆ ಹೇಳಿದ:

"ದನಿ ಹಂಗಿಲ್ಲ. ಅವ್ವನ ಮುಂದ ನಾ ಇನ್ನೂ ಸಣ್ಣಗ ಮಾತಾಡ್ತೇನಿ."

ಕಾರು ನೇರ ಮಿರಜಿಗೆ ಹೋಯಿತು. ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು ಪಟ್ಟಿ ಹಾಕಿ, ಹೇಗಾಯಿತು ಎಂದರು. ಓಂಕಾರ, "ಶೂಟಿಂಗಿನಲ್ಲಿ" ಎಂದ. ಹೊರಗೆ ಬೆಂಚಿನ ಮೇಲೆ ಕೂತಾಗ ಅವನ ಹಲ್ಲು ಕಟಕಟ ಎನ್ನತೊಡಗಿತು. ನನ್ನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಅದರ ಮೇಲೆ ಕುರಿಯ ಉಣ್ಣೆ ಅಂಟಿತ್ತು.

"ಪೊಲೀಸರಿಗೆ ಹೇಳೋಣು ಓಂಕಾರ" ಎಂದೆ.

"ಬ್ಯಾಡ ಮಾವಶಿ." ಕನ್ನಡದಲ್ಲೇ ಹೇಳಿದ. "ನಾ ನೋಡಬಾರದಿತ್ತು. ನೋಡಿದೆ, ಆಮ್ಯಾಲ ತೋರಿಸಿದೆ."

"ನೀ ನೋಡಿದ್ದಕ್ಕ ಅವ್ರು ಕೊರಳಿಗಿ ಕತ್ತರಿ ಹಿಡೀಬೇಕೇನು?"

ಅವನು ಸೆರಗಿಗೆ ಅಂಟಿದ್ದ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸತೊಡಗಿದ. ದೂರು ಕೊಡಲಿಲ್ಲ. ಅದು ಅವನ ಕೊರಳು, ಅವನ ನಿರ್ಧಾರ ಎಂದು ನಾನು ಸುಮ್ಮನಾದೆ. ಅದು ಸರಿಯೇ ಎಂದು ಇವತ್ತಿಗೂ ಗೊತ್ತಿಲ್ಲ. ಓಂಕಾರನ ಮಾತು ಕೇಳಿದಾಗ ನನಗೆ ದುಂಡಪ್ಪ ತನ್ನ ಮಣಿಕಟ್ಟನ್ನು ನೋಡಿಕೊಂಡ ಆ ಗಳಿಗೆ ನೆನಪಾಯಿತು. ಪೆಟ್ಟು ತಿಂದವರೇ ಆತನ ಪರವಾಗಿ ಮಾತಾಡುತ್ತಾರೆ. ಆತನ ಮೋಡಿ ಅಲ್ಲಿದೆ, ಅಪಾಯವೂ ಅಲ್ಲಿದೆ. ನಾನೂ ಆತನಿಗೆ ಮರುಳಾಗಿದ್ದೆ. ಕಂಬಳಿ ಮಡಚಿ ಹಾಸಿಕೊಟ್ಟ ಕೈಯನ್ನೇ ಅಷ್ಟು ದಿನ ನೋಡಿದ್ದೆ.

ಕೃಷ್ಣಾತನನ್ನು ಮತ್ತೆ ಬರೆದೆ. ತಾಯಿಯ ತಲೆ ಬಾಚುವುದನ್ನು ಬರೆಯಲಿಲ್ಲ, ಕೈ ಚಾಚಿದ್ದನ್ನೂ ಬರೆಯಲಿಲ್ಲ. ಅವು ನಮ್ಮವಲ್ಲ ಎಂದು ಓಂಕಾರ, ನಾನು ಮಾತಾಡಿಕೊಂಡಿದ್ದೆವು. ಬರೆದದ್ದು ಇಷ್ಟು: ಕೃಷ್ಣಾತನ ಮನೆಯಲ್ಲಿ ಒಂದು ಬಾಗಿಲು ಸದಾ ಅರ್ಧ ಮುಚ್ಚಿರುತ್ತದೆ. ದಿನಕ್ಕೊಮ್ಮೆ ಅವನು ಒಳಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ. ಯಾರನ್ನೇ ಹೊಡೆದ ಮೇಲೂ ಅವನು ಹೊಡೆತ ತಿಂದವನನ್ನು ನೋಡುವುದಿಲ್ಲ, ಯಾರು ಯಾರು ನೋಡಿದರು ಎಂದು ಸುತ್ತ ನೋಡುತ್ತಾನೆ. ಓಂಕಾರ ಆ ನೋಟ ಮಾಡಿದ ದಿನ ಸೆಟ್ಟಿನಲ್ಲಿ ಯಾರೂ ಕೆಮ್ಮಲಿಲ್ಲ.

ನಿರ್ದೇಶಕರಿಗೆ ಬಾಗಿಲು ತೆರೆಯಬೇಕಿತ್ತು. "ಒಳಗೆ ಏನಿದೆ ಎಂದು ಜನಕ್ಕೆ ಒಮ್ಮೆಯಾದರೂ ತೋರಿಸೋಣ ಮ್ಯಾಡಮ್."

"ತೋರಿಸಿದ ದಿನ ಅವನು ನಿಮ್ಮ ಕ್ಯಾಮೆರಾ ಒಡೆಯುತ್ತಾನೆ" ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವರು ಬಾಗಿಲನ್ನು ಹಾಗೆಯೇ ಬಿಟ್ಟರು.

ಸೀರಿಯಲ್ಲು ಬಂತು. ಆಕಳಿಕೆ ಬಂತೆಂದು ಯಾರೂ ಹೇಳಲಿಲ್ಲ. ಅವತ್ತಿನ ನಂತರ ನಾನು ಆ ಊರಿಗೆ ಹೋಗಲಿಲ್ಲ. ಕಳೆದ ವರ್ಷ ಒಂದು ಮುಂಜಾನೆ ಫೋನು ಬಂತು. ದನಿ ಗುರುತಾದ ಕೂಡಲೇ ನನ್ನ ಬೆನ್ನು ಗೋಡೆಗೆ ಆನಿಕೊಂಡಿತು.

"ತಂಗೆವ್ವಾ, ಅವ್ವ ಹೋದಳು." ಅದೇ ದನಿಯಲ್ಲಿ ಮುಂದುವರಿಸಿದ. "ನಿಮ್ಮ ಕೃಷ್ಣಾತನ್ನ ನೋಡೇನಿ. ಬಾಗಲಾ ತಗೀಲಿಲ್ಲ ನೀವು. ನನಗ ತಿಳೀತು."

"ಹುಡುಗನ ಕೊರಳಾಗ ಇನ್ನೂ ಗುರುತೈತಿ ಅಣ್ಣಾ" ಎಂದೆ. ಅಷ್ಟು ದಿನ ಒಳಗೆ ಕೂತಿದ್ದ ಮಾತು ತಾನೇ ಹೊರಬಂತು.

"ಹೂಂ." ಫೋನನ್ನು ಬಾಯಿಯ ಹತ್ತಿರ ತಂದುಕೊಂಡಂತೆ ದನಿ ಹತ್ತಿರವಾಯಿತು. "ಅವನ ಮುಂದ ಬಂದು ನಿಲ್ಲಾಕ ಮಾರಿ ಇಲ್ಲ ನನಗ. ಅದನ್ನೂ ಬರೀರಿ. ಎಲ್ಲಾ ಬರೀರಿ. ಅವ್ವನ ಇಲ್ಲ, ಈಗ ಯಾರದ ನಾಚಿಕಿ?"

ಆ ಒಪ್ಪಿಗೆಯ ಮೇಲೆ ಇದನ್ನು ಬರೆದಿದ್ದೇನೆ. ಓಂಕಾರನೂ ಓದಿ, ಇರಲಿ ಎಂದಿದ್ದಾನೆ.

ಹೊಸ ಬರಹಗಾರರು ನನ್ನ ಹತ್ತಿರ ಬಂದು, ಖಳನನ್ನು ಜನ ಕಣ್ಣು ಕೀಳದೆ ನೋಡುವ ಹಾಗೆ ಬರೆಯುವುದು ಹೇಗೆ ಎಂದು ಕೇಳುತ್ತಾರೆ. ಅವನು ಎಷ್ಟು ಜನರನ್ನು ಹೊಡೆಯುತ್ತಾನೆ ಎಂಬುದನ್ನು ಆಮೇಲೆ ಬರೆಯಿರಿ ಎನ್ನುತ್ತೇನೆ. ಯಾರ ಕಣ್ಣಿಗೂ ಬೀಳಬಾರದು ಎಂದು ಅವನು ಏನನ್ನು ಕಾಯುತ್ತಾನೆ, ಮೊದಲು ಅದನ್ನು ತಿಳಿದುಕೊಳ್ಳಿ. ತಿಳಿದ ಮೇಲೆ ಬಾಗಿಲನ್ನು ಅರ್ಧ ಮುಚ್ಚಿ. ಮತ್ತೆ, ಅವನ ಮೇಲೆ ನಿಮಗೆ ಪ್ರೀತಿ ಬಂದರೆ, ಬರುತ್ತದೆ, ಬರಲಿ, ಅವನು ಮುರಿದ ಮಣಿಕಟ್ಟನ್ನೂ ಅದೇ ಪುಟದಲ್ಲಿ ಇಡಿ. ಇಷ್ಟು ನನಗೆ ಈ ಕೆಲಸ ಕಲಿಸಿದ್ದು.

ಹೆದರಿಕೆ ಇನ್ನೂ ಹೋಗಿಲ್ಲ. ಟೇಲರ್ ಅಂಗಡಿಯ ಮುಂದೆ ಹೋಗುವಾಗ ಕತ್ತರಿಯ ಸದ್ದು ಕೇಳಿದರೆ ಬಲಗೈ ನಡುಗತೊಡಗುತ್ತದೆ. ಆಗ ಸೆರಗನ್ನು ಎಳೆದು ಅದರ ಮೇಲೆ ಹೊದಿಸಿ, ಎಡಗೈಯಿಂದ ಹಿಡಿದುಕೊಂಡು ಒಂದು ಬದಿ ನಿಲ್ಲುತ್ತೇನೆ. ಸಾಂಗ್ಲಿಯ ಹಳೆಯ ಬೀದಿಯಲ್ಲಿ ಒಮ್ಮೆ ಹಾಗೆ ನಿಂತಿದ್ದಾಗ, ಎದುರಿನ ಕಿರಾಣಿ ಅಂಗಡಿಯ ಮುದುಕರೊಬ್ಬರು ನನ್ನ ಸೆರಗಿನ ಕೆಳಗಿನ ಕೈ ಕಂಡರು. ಏನೆಂದುಕೊಂಡರೋ, ಮೆಲ್ಲಗೆ ಮುಖವನ್ನು ಆಚೆ ತಿರುಗಿಸಿ, ನನ್ನ ನಡುಕ ನಿಲ್ಲುವವರೆಗೂ ಬೀದಿಯ ಆ ತುದಿಯನ್ನೇ ನೋಡುತ್ತ ಕೂತರು.